ಸೆರಗಿನಡಿಯ ಝುಮಕಿ

ಕಮಲಾಪುರ ಬಸ್ ಸ್ಟ್ಯಾಂಡಿನ ಹಿಂದೆ ಮೊಣಕಾಲೂರಿ, ಬೆರಳುದ್ದದ ಗಿಡವೊಂದಕ್ಕೆ ಮೊಬೈಲ್ ಹಿಡಿದಿದ್ದೆ. ಜಿಲ್ಲೆಯ ಕಾಡುಗಿಡಗಳನ್ನು ದಾಖಲಿಸುವ ನಮ್ಮ ಕಲಬುರಗಿ ತಂಡದಲ್ಲಿ ಬೇರಾರಿಗೂ ಸಿಗದ್ದು ನನಗೆ ಸಿಕ್ಕಿದೆಯೆಂದು ಬೀಗುತ್ತಿದ್ದೆ.

“ಏನ್ ಕಳಕೊಂಡ್ರೀ ಅಕ್ಕಾರ? ಝುಮಕಿ ಏನ್ರೀ?” ಹೂ ಮಾರುವಾಕೆ ಕೂಗಿದಳು. ನಾನು ಬಾಯಿ ತೆರೆಯುವ ಮೊದಲೇ ಬಸ್ಸಿಗೆ ಕಾದಿದ್ದವರೆಲ್ಲ ಬಂದು ಹುಲ್ಲು ಕೆದಕತೊಡಗಿದರು. ಅಷ್ಟು ಜನರ ಮುಂದೆ ಕಳೆ ನೋಡುತ್ತಿದ್ದೆ ಎನ್ನಲು ನಾಚಿಕೆಯಾಗಿ, ಕಿವಿಯಲ್ಲಿದ್ದ ಎರಡೂ ಝುಮಕಿ ಕಾಣದಂತೆ ಸೆರಗು ಹೊದ್ದು ನಾನೂ ಹುಡುಕಿದೆ. ಕೊನೆಗೆ ಆ ಗಿಡ ಸಿಕ್ಕಿದ್ದು ನನ್ನದೇ ಚಪ್ಪಲಿಯಡಿ, ಅಪ್ಪಚ್ಚಿಯಾಗಿ.

ಅಂಥದ್ದೇ ಇನ್ನೊಂದು ಗಿಡಕ್ಕಾಗಿ ಈಗಲೂ ಅಲ್ಲಿಗೆ ಹೋಗುತ್ತೇನೆ. ಬಸ್ಸಿಳಿದ ಕೂಡಲೇ ಆಕೆ, “ಸಿಕ್ತೇನ್ರೀ ಅಕ್ಕಾರ?” ಎನ್ನುತ್ತಾಳೆ. “ಇನ್ನಾ ಇಲ್ರೀ” ಎನ್ನುತ್ತೇನೆ. ಅಷ್ಟು ಮಾತ್ರ ನಿಜ.