ಬಿರುಗಾಳಿಯನ್ನು ಆಚೆ ಇಟ್ಟ ಲೆಕ್ಕ

ಕಚೇರಿಯಲ್ಲಿ ಎಲ್ಲರೂ ಅವಳನ್ನು ಮರಳಕ್ಕ ಎಂದೇ ಕರೆಯುತ್ತಿದ್ದರು. ನದಿ ಕಡಲು ಸೇರುವ ಅಳಿವೆಯಲ್ಲಿ ಮರಳು ಎಲ್ಲಿಂದ ಎದ್ದು ಎಲ್ಲಿ ಹೋಗಿ ಕೂರುತ್ತದೆ, ಇವತ್ತಿನ ಕೆಸರುಬಯಲು ಇನ್ನು ನಲವತ್ತು ವರ್ಷಕ್ಕೆ ಯಾವ ಆಕಾರ ತಾಳುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವಳ ಕೆಲಸ. "ಕೈ ಕೆಸರಾಗದೆ ಬಾಯಿ ಮೊಸರಾಗುವ ಉದ್ಯೋಗ ಕಣ್ರೀ ನಮ್ಮದು" ಎಂದು ಅವಳೇ ನಗುತ್ತಿದ್ದಳು. ಅದೂ ಪೂರ್ತಿ ನಿಜವಲ್ಲ. ಇಳಿತದ ಹೊತ್ತಿನಲ್ಲಿ ಮೊಣಕಾಲುದ್ದ ಕೆಸರಿಗಿಳಿದು, ಅಳತೆಗೋಲು ನೆಟ್ಟು, ಮೈಯೆಲ್ಲ ಉಪ್ಪು ಹತ್ತಿಸಿಕೊಂಡು ಬರುತ್ತಿದ್ದವಳೂ ಅವಳೇ. ಅವಳ ಮೇಜಿನ ಕೆಳಗೆ ಯಾವಾಗಲೂ ಒಂದು ಜೊತೆ ರಬ್ಬರ್ ಬೂಟು ಒಣಗುತ್ತಿರುತ್ತಿತ್ತು. ಕಸ ಗುಡಿಸುವವನು ದಿನವೂ ಅದರ ಸುತ್ತ ಗುಡಿಸಿ, "ನಿಮ್ಮ ಸಮುದ್ರ ಸೋರ್ತಾ ಇದೆ ಅಮ್ಮಾ" ಎಂದು ಗೊಣಗುತ್ತಿದ್ದ.

ಪರದೆಯ ಮೇಲೆ ಅಳಿವೆ ನಿದ್ದೆಯಲ್ಲಿ ಹೊರಳುವ ಪ್ರಾಣಿಯಂತೆ ಕಾಣುತ್ತಿತ್ತು. ನೀಲಿ ಕಾಲುವೆಗಳು ಮೆಲ್ಲಗೆ ಮಗ್ಗುಲು ಬದಲಿಸುತ್ತಿದ್ದವು, ಹಳದಿ ದಿಬ್ಬಗಳು ಕರಗಿ ಇನ್ನೊಂದು ಕಡೆ ಏಳುತ್ತಿದ್ದವು. ನಲವತ್ತು ವರ್ಷದ ಉಬ್ಬರವಿಳಿತಗಳನ್ನು ಒಂದೊಂದಾಗಿ ಲೆಕ್ಕ ಹಾಕುತ್ತ ಕುಳಿತರೆ ಮುಗಿಯುವ ಹೊತ್ತಿಗೆ ನಿವೃತ್ತಿಯ ವಯಸ್ಸು ಬಂದಿರುತ್ತದೆ. ಅದಕ್ಕೆ ಆ ಕಸುಬಿನವರೆಲ್ಲ ಒಂದು ಉಪಾಯ ಮಾಡುತ್ತಾರೆ. ಒಂದು ಉಬ್ಬರದಲ್ಲಿ ಎಷ್ಟು ಮರಳು ಸರಿಯಿತೋ ಅದನ್ನು ನೂರರಿಂದ ಗುಣಿಸಿಬಿಡುವುದು. ಸಾದಾ ದಿನಗಳಿಗೆ ಇದು ಚೆನ್ನಾಗಿಯೇ ಹೊಂದುತ್ತದೆ. ಆದರೆ ಒಂದು ಬಿರುಗಾಳಿ ಬಂತೆನ್ನಿ, ಅದೂ ನೂರಾಗುತ್ತದೆ. ಬೆನ್ನುಬೆನ್ನಿಗೆ ನೂರು ಬಿರುಗಾಳಿ ಹೊಡೆದರೆ ಯಾವ ದಂಡೆ ತಾನೇ ನಿಂತೀತು? ಪರದೆಯ ಮೇಲೆ ಅಳಿವೆ ಹರಿದ ಚಾಪೆಯಂತಾಗುತ್ತದೆ. ಹಾಗಾಗಿ ಬಿರುಗಾಳಿಯನ್ನು ಲೆಕ್ಕದಿಂದ ಆಚೆ ಇಟ್ಟು, ವರದಿಯ ಕೊನೆಯಲ್ಲಿ ಆ ವಿಷಯವನ್ನು ಸಣ್ಣಕ್ಷರದಲ್ಲಿ ಬರೆದುಬಿಡುವುದು ವಾಡಿಕೆ. ಓದುವವರಿಗೆ ಅದರ ಅರ್ಥ ಗೊತ್ತಿರುತ್ತದೆ.

ಮರಳಕ್ಕನ ಒಡಹುಟ್ಟಿದ ಅಕ್ಕ ವರದಿ ಓದುವವಳಲ್ಲ.

ಅಕ್ಕನ ಮನೆ ಇದ್ದದ್ದು ಅದೇ ಅಳಿವೆಯ ಬಾಯಲ್ಲಿ, ಕಡಲಿಗೂ ಹೊಳೆಗೂ ನಡುವೆ ಬೆರಳಿನಂತೆ ಚಾಚಿದ ಮರಳದಿಣ್ಣೆಯ ಮೇಲೆ. ಭಾವ ದೋಣಿ ಎಂಜಿನ್ನುಗಳ ರಿಪೇರಿ ಮಾಡುತ್ತಿದ್ದ. ಅಕ್ಕ ದೋಣಿಗಳಿಗೆ ಟಾರ್ಪಾಲು ಹೊಲಿಯುತ್ತಿದ್ದಳು. ಅಮ್ಮ ತೀರಿಕೊಂಡ ಮೇಲೆ ಆ ಹೊಲಿಗೆ ಯಂತ್ರವೇ ಮರಳಕ್ಕನನ್ನು ಓದಿಸಿದ್ದು. ಅಕ್ಕನ ಬೆರಳುಗಳಲ್ಲಿ ಸೂಜಿ ಹೊಕ್ಕ ಗುರುತುಗಳು ಇನ್ನೂ ಇದ್ದವು. ನಲವತ್ತು ವರ್ಷದ ಲೆಕ್ಕ ಮುಗಿದ ವಾರ ಅಕ್ಕ ಫೋನಿನಲ್ಲಿ ಕೇಳಿದ್ದಳು.

"ಅದೆಲ್ಲ ಇರಲಿ, ನಮ್ಮ ದಿಣ್ಣೆ ಇರುತ್ತೇನೇ?"

"ಇರುತ್ತೆ ಅಕ್ಕಾ. ಸ್ವಲ್ಪ ದಪ್ಪಗೂ ಆಗುತ್ತೆ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಸಣ್ಣಕ್ಷರದ ಸಾಲನ್ನು ಅವಳು ಫೋನಿನಲ್ಲಿ ಓದಿ ಹೇಳಲಿಲ್ಲ. ಅಕ್ಕನ ದನಿಯಲ್ಲಿ ಅಷ್ಟು ಹಿಗ್ಗಿತ್ತು.

ಮಾರನೇ ವರ್ಷ ಬಿರುಗಾಳಿ ಬಂತು. ದಿಣ್ಣೆ ಉಳಿಯಿತು, ಆದರೆ ದಡಕ್ಕೆ ಅಂಟಿಕೊಂಡ ಅದರ ಕುತ್ತಿಗೆಯನ್ನು ಕಡಲು ಅರ್ಧಕ್ಕರ್ಧ ಕೊರೆದುಕೊಂಡು ಹೋಯಿತು. ನೆರೆಯವರೆಲ್ಲ ಒಬ್ಬೊಬ್ಬರಾಗಿ ದೋಣಿ ಬಿಚ್ಚಿಕೊಂಡು ಊರೊಳಗೆ ಹೋದರು. ಅಕ್ಕ ಮಾತ್ರ ಹೋದವರ ಶೆಡ್ಡನ್ನೂ ಸೇರಿಸಿಕೊಂಡು ಅಂಗಡಿ ದೊಡ್ಡದು ಮಾಡಿದಳು. "ಹೆದರುಪುಕ್ಕಲರು! ನನ್ನ ತಂಗಿ ಇದನ್ನೇ ಓದಿರೋಳು, ಅವಳು ಹೇಳಿದಾಳೆ" ಎಂದು ಕಂಡಕಂಡವರಿಗೆಲ್ಲ ಹೇಳಿದಳಂತೆ.

ಅದು ಕಿವಿಗೆ ಬಿದ್ದ ದಿನವೇ ಮರಳಕ್ಕ ಮೇಜಿನ ಕೆಳಗಿನ ಬೂಟು ಎಳೆದುಕೊಂಡಳು. ಕುತ್ತಿಗೆಯನ್ನು ಹೊಸದಾಗಿ ಅಳೆದು ತಂದಳು. ಗುಣಾಕಾರ ಬಿಟ್ಟು, ಬಿರುಗಾಳಿಯನ್ನು ಒಳಗೆ ಸೇರಿಸಿ, ಒಂದೊಂದೇ ಉಬ್ಬರವನ್ನು ಬಸವನಹುಳುವಿನ ನಡಿಗೆಯಲ್ಲಿ ನಡೆಸಿದಳು. ದೊಡ್ಡ ಗಾಳಿಯೂ ಬೇಕಾಗಿರಲಿಲ್ಲ. ಅಮಾವಾಸ್ಯೆಯ ಉಬ್ಬರದ ಮೇಲೆ ಒಂದಿಷ್ಟು ಎತ್ತರದ ಅಲೆ ಬಂದರೆ ಸಾಕು, ಪರದೆಯ ಹಳದಿ ಕುತ್ತಿಗೆಯಲ್ಲಿ ನೀಲಿಯ ಒಂದು ಎಳೆ ಮೂಡುತ್ತಿತ್ತು. ಎಳೆ ಕಾಲುವೆಯಾಗುತ್ತಿತ್ತು. ಕಾಲುವೆ ದಿಣ್ಣೆಯನ್ನೇ ತಿನ್ನುತ್ತಿತ್ತು. ಅವಳು ಅಳತೆಗಳನ್ನು ಮತ್ತೆ ಮತ್ತೆ ತಿದ್ದಿ ನೋಡಿದಳು, ದೇವರೇ ಒಂದು ಸಲವಾದರೂ ಬೇರೆ ಬರಲಿ ಎಂದು ಬೇಡಿಕೊಂಡಳು. ಯಂತ್ರಕ್ಕೆ ಕರುಣೆ ಇರಲಿಲ್ಲ.

ದೊಡ್ಡ ಎಂಜಿನಿಯರು ಚಿತ್ರಗಳನ್ನು ನೋಡಿ ಕನ್ನಡಕ ತೆಗೆದರು.

"ಹಳೇ ವರದಿ ಸುಳ್ಳು ಅಂತೀಯಾ?"

"ಸುಳ್ಳಲ್ಲ ಸಾರ್. ಬಿರುಗಾಳಿ ಇಲ್ಲದ ಲೋಕದಲ್ಲಿ ನಿಜ."

"ಆ ಲೋಕದಲ್ಲಿ ನನಗೂ ಒಂದು ಮನೆ ನೋಡು" ಎಂದು ನಗಲು ಹೋಗಿ, ಅವಳ ಮುಖ ಕಂಡು ಚಿತ್ರಗಳನ್ನು ಮತ್ತೆ ಹತ್ತಿರಕ್ಕೆ ಎಳೆದುಕೊಂಡರು. "ಎಚ್ಚರಿಕೆ ಕೊಡಬೇಕು ಅಂದ್ರೆ ಮೇಲಿನವರ ಸಭೆ ಆಗಬೇಕಮ್ಮ. ಅದು ಮುಂದಿನ ತಿಂಗಳು."

"ಅಮಾವಾಸ್ಯೆ ಈ ವಾರ ಸಾರ್."

ಅವರು ಕ್ಯಾಲೆಂಡರಿನ ಕಡೆ ನೋಡಿದರು, ಅದರದೇ ತಪ್ಪೆಂಬಂತೆ. "ಅಲ್ಲಿ ಯಾರಿದಾರೆ ಈಗ?"

"ನನ್ನ ಅಕ್ಕ."

ಅವರು ಕನ್ನಡಕವನ್ನು ಮತ್ತೆ ಹಾಕಿಕೊಳ್ಳಲಿಲ್ಲ. "ಹೋಗು. ರಜೆ ಅರ್ಜಿ ಆಮೇಲೆ ಬರಲಿ" ಎಂದರು.

ಅಮಾವಾಸ್ಯೆಗೆ ಇನ್ನೂ ಎರಡು ದಿನವಿತ್ತು. ಬೆಳಗಿನ ಇಳಿತದಲ್ಲಿ ಅವಳು ಕುತ್ತಿಗೆ ದಾಟಿದಳು. ಹಿಂದೆ ಗಾಡಿ ಹೋಗುತ್ತಿದ್ದ ಜಾಗದಲ್ಲಿ ಈಗ ಇಬ್ಬರು ಜೊತೆಯಾಗಿ ನಡೆಯುವಷ್ಟು ಒಣ ಮರಳು. ಎರಡೂ ಕಡೆಯ ನೀರು ಅದನ್ನು ನೆಕ್ಕುತ್ತಿತ್ತು. ದೂರದಲ್ಲೆಲ್ಲೋ ಎದ್ದ ಗಾಳಿಯ ಅಲೆಗಳು ಉದ್ದುದ್ದಕ್ಕೆ, ಆತುರವಿಲ್ಲದೆ ಬರುತ್ತಿದ್ದವು.

"ಬಾರೇ ಬಾ, ಸಮುದ್ರದ ಡಾಕ್ಟ್ರೇ!" ಭಾವ ಎಣ್ಣೆ ಮೆತ್ತಿದ ಕೈ ಎತ್ತಿದ. ಅವನ ಸ್ವಂತ ದೋಣಿಯ ಎಂಜಿನ್ನು ಬಿಡಿಬಿಡಿಯಾಗಿ ಬೆಂಚಿನ ಮೇಲಿತ್ತು. ಊರ ಎಂಜಿನ್ನುಗಳನ್ನೆಲ್ಲ ಓಡಿಸುವವನಿಗೆ ತನ್ನದಕ್ಕೆ ಪುರುಸೊತ್ತಿಲ್ಲ.

"ಭಾವ, ಇವತ್ತೇ ಇಲ್ಲಿಂದ ಹೊರಡಬೇಕು. ಕುತ್ತಿಗೆ ಒಡೆಯುತ್ತೆ."

"ಅಷ್ಟು ದೊಡ್ಡ ಗಾಳಿಗೇ ಒಡೀಲಿಲ್ಲ. ಬೀಸೋ ದೊಣ್ಣೆ ತಪ್ಪಿದ್ರೆ ಸಾವಿರ ವರ್ಷ ಆಯಸ್ಸು ಕಣಮ್ಮಾ."

ಅಕ್ಕ ಹೊಲಿಗೆ ಯಂತ್ರ ನಿಲ್ಲಿಸಲಿಲ್ಲ. "ನಲವತ್ತು ವರ್ಷ ಅಂದೋಳು ನೀನೇ ತಾನೆ? ಇನ್ನೂ ಎರಡೇ ವರ್ಷ ಆಯ್ತು. ಮಿಕ್ಕಿದ್ದು ಎಲ್ಲಿ ಹೋಯ್ತು?"

"ಆ ಲೆಕ್ಕದಲ್ಲಿ ಬಿರುಗಾಳಿ ಇರಲಿಲ್ಲ ಅಕ್ಕಾ."

"ಯಾಕಿರಲಿಲ್ಲ?"

"ಸೇರಿಸಿದ್ರೆ ಲೆಕ್ಕ ಕೆಡುತ್ತೆ ಅಂತ ತೆಗೆದಿಟ್ಟಿದ್ದೆ. ಎಲ್ಲರೂ ಹಾಗೇ ಮಾಡ್ತಾರೆ."

ಯಂತ್ರ ನಿಂತಿತು. "ಸಮುದ್ರದ ಲೆಕ್ಕದಲ್ಲಿ ಗಾಳೀನ ತೆಗೆದಿಟ್ಟೆ. ಅದನ್ನ ನನಗೆ ಹೇಳಲಿಲ್ಲ."

"ಇಲ್ಲ."

"ಮತ್ತೆ ಈಗ ಹೇಳ್ತಿರೋದರಲ್ಲಿ ಏನೇನು ತೆಗೆದಿಟ್ಟಿದೀಯ?"

ಯಾವ ಲೆಕ್ಕದಲ್ಲೂ ಏನೋ ಒಂದನ್ನು ಆಚೆ ಇಟ್ಟಿರುತ್ತಾರೆ. ಅವಳು ಟಾರ್ಪಾಲಿನ ರಾಶಿಯ ಮೇಲೆ ಕುಸಿದು ಕುಳಿತಳು. "ನನಗೆ ಗೊತ್ತಿಲ್ಲ ಅಕ್ಕಾ. ನಾಳೆಯೋ, ಬರೋ ತಿಂಗಳೋ, ಗೊತ್ತಿಲ್ಲ. ನೀವು ಬರಲ್ಲ ಅಂದ್ರೆ ನಾನೂ ಹೋಗಲ್ಲ. ಇಲ್ಲೇ ಇರ್ತೀನಿ."

ಅಕ್ಕ ಸೂಜಿಯ ದಾರ ಕತ್ತರಿಸಿ ಎದ್ದಳು. "ಎದ್ದೇಳೇ, ಹುಚ್ಚಿ" ಎಂದಳು. "ನಿನ್ನ ಸಾಕಿದ್ದು ಮುಳುಗಿಸೋಕಲ್ಲ. ಹಿಡಿ ಆ ಕಡೆ."

ಇಬ್ಬರೂ ಹೊಲಿಗೆ ಯಂತ್ರವನ್ನು ಆಚೀಚೆ ಹಿಡಿದು ಹೊರಟರು. ಸ್ಪ್ಯಾನರುಗಳನ್ನು ಕಟ್ಟಿಕೊಂಡು ಬೆನ್ನಹಿಂದೆಯೇ ಬರುತ್ತೇನೆಂದ ಭಾವ. ಅಷ್ಟರಲ್ಲಿ ನೀರು ಏರತೊಡಗಿತ್ತು. ಅವರು ಕುತ್ತಿಗೆ ದಾಟಿ ಯಂತ್ರವನ್ನು ದಡದ ಮೇಲಿಟ್ಟು ಬೆನ್ನು ನೆಟ್ಟಗೆ ಮಾಡುವ ಹೊತ್ತಿಗೆ ಒಂದು ಅಲೆ ಮರಳನ್ನು ಹತ್ತಿ ಆಚೆ ಹೊಳೆಗೆ ಇಳಿಯಿತು. ಅದರ ಹಿಂದೆ ಇನ್ನೊಂದು. ಅದು ಇಳಿದ ಜಾಡಿನಲ್ಲಿ ಸಣ್ಣ ತೋಡು ಉಳಿಯಿತು, ತೋಡಿನಲ್ಲಿ ನೀರು ನಿಲ್ಲದೆ ಹರಿಯಿತು. ಪರದೆಯ ಮೇಲೆ ಕಂಡ ಎಳೆ ಅದೇ ಜಾಗದಲ್ಲಿ ಮೂಡಿತ್ತು, ಎರಡು ದಿನ ಮುಂಚಿತವಾಗಿ.

ಭಾವ ಹೆಗಲ ಮೇಲೆ ಚೀಲ ಹೊತ್ತು ಬಂದಾಗ ನಡುವೆ ಒಂದು ಹೊಳೆಯೇ ಹುಟ್ಟಿತ್ತು. ಕಡಲು ಬೋರ್ಗರೆಯುತ್ತ ಒಳಗೆ ನುಗ್ಗುತ್ತಿತ್ತು. ಎರಡು ಅಂಚಿನ ಮರಳೂ ಚಕ್ಕೆಚಕ್ಕೆಯಾಗಿ ಬೀಳುತ್ತಿತ್ತು.

"ಇಳೀಬೇಡಿ!" ಅಕ್ಕ ಚೀರಿದಳು. ತಂಗಿಯ ರಟ್ಟೆಯನ್ನು ಉಗುರು ನಾಟುವಂತೆ ಹಿಡಿದಳು. "ಹೇಳು. ಏನಾದರೂ ಹೇಳು."

"ಒಳಗಿನ ನೀರೂ ಹೊರಗಿನ ನೀರೂ ಸಮ ಆದಾಗ ಇದು ಒಂದು ಗಳಿಗೆ ನಿಲ್ಲುತ್ತೆ. ಆಮೇಲೆ ತಿರುಗಿ ಕಡಲಿಗೆ ಹರಿಯುತ್ತೆ. ನಿಂತಾಗ ದಾಟಬೇಕು. ತಡವಾದ್ರೆ…"

ಮುಂದಿನದನ್ನು ಅಕ್ಕ ಕೇಳಲಿಲ್ಲ, ಅಷ್ಟನ್ನೇ ಆಚೆ ದಡಕ್ಕೆ ಕೂಗಿ ಹೇಳಿದಳು. ಭಾವ ಹುಟ್ಟು ಹಾಕುವ ಪುಟ್ಟ ದೋಣಿಯನ್ನು ಎಳೆದು ತಂದು ಕಾದು ನಿಂತ. ಇವರು ದಡದ ಗೂಟಕ್ಕೆ ಸುತ್ತಿದ್ದ ಹಗ್ಗ ಬಿಚ್ಚಿಕೊಂಡರು. ಮರಳಕ್ಕ ನೀರಿನ ಮೇಲಿನ ನೊರೆಯನ್ನೇ ನೋಡುತ್ತಿದ್ದಳು. ನೊರೆ ಓಡುತ್ತಿತ್ತು. ಆಮೇಲೆ ನಡೆಯಿತು. ಆಮೇಲೆ ಎತ್ತ ಹೋಗಬೇಕೆಂದು ತಿಳಿಯದೆ ಇದ್ದಲ್ಲೇ ಸುತ್ತಿತು.

"ಈಗ, ಭಾವಾ!"

ದೋಣಿ ಅರ್ಧ ದಾರಿ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ನೀರು ಅವಳ ಮಾತು ಕೇಳಲಿಲ್ಲ. ನಿಂತಿತೆನ್ನುವಷ್ಟರಲ್ಲಿ ತಿರುಗಿ, ದೋಣಿಯ ಮೂತಿಯನ್ನು ಕಡಲಿನತ್ತ ಎಳೆಯಿತು. ಅಕ್ಕ ಎಸೆದ ಹಗ್ಗ ನೀರಿಗೆ ಬಿತ್ತು. ಎರಡನೇ ಸಲ ಭಾವನ ಹೆಗಲ ಮೇಲೆ ಬಿತ್ತು. ಅವನು ಹಿಡಿದ. ಹುಟ್ಟು ಹೋಯಿತು, ಸ್ಪ್ಯಾನರಿನ ಚೀಲ ಹೋಯಿತು, ದೋಣಿ ಕಾಲಡಿಯಿಂದಲೇ ಮಗುಚಿಕೊಂಡು ಹೋಯಿತು. ಅಕ್ಕತಂಗಿ ಇಬ್ಬರೂ ಮರಳಿನಲ್ಲಿ ಹಿಮ್ಮಡಿ ಹೂತು ಎಳೆದರು. ಅಂಗೈ ಸುಲಿದು ಹಗ್ಗ ಕೆಂಪಾಯಿತು. ದಡಕ್ಕೆ ಬಂದ ಭಾವ ಮಂಡಿಯೂರಿ ಉಪ್ಪುನೀರು ಕಾರಿದ.

ಅಕ್ಕ ತನ್ನ ಸೆರಗಿನಿಂದ ಅವನ ತಲೆ ಒರೆಸಿದಳು. ಮಗುವಿಗೆ ಒರೆಸುವಂತೆ, ಕಿವಿಯ ಹಿಂದೆಯೂ ಬಿಡದೆ ಒರೆಸಿದಳು. ತಂಗಿಯ ಕಡೆ ತಿರುಗಲಿಲ್ಲ.

"ನನ್ನ ಮನೆಗೆ ಹೋಗೋಣ ಅಕ್ಕಾ. ಇಬ್ಬರೂ ನೆನೆದಿದೀರಿ."

"ನೀನು ಹೋಗು. ನಮ್ಮ ಮನೆ ಅಲ್ಲಿ ಇರೋವರೆಗೂ ನಾವು ನೋಡ್ತಾ ಇರ್ತೀವಿ."

ಆಚೆ ದಡದಲ್ಲಿ ಶೆಡ್ಡಿನ ಬಾಗಿಲು ತೆರೆದೇ ಇತ್ತು. ಬೆಂಚು, ಟಾರ್ಪಾಲಿನ ನೀಲಿ ರಾಶಿ ಎಲ್ಲ ಬಿಸಿಲಲ್ಲಿ ಸ್ಪಷ್ಟವಾಗಿ ಕಾಣುತ್ತಿದ್ದವು. ಮರಳಕ್ಕ ಹೋಗಲಿಲ್ಲ. ಅವರಿಬ್ಬರಿಂದ ಮಾರು ದೂರದಲ್ಲಿ ಕುಳಿತಳು. ಇಳಿಯುವ ನೀರು ಬಿರುಸಾಯಿತು. ಅವಳ ಕಣ್ಣು ತಾನಾಗಿಯೇ ಕೆಲಸಕ್ಕಿಳಿಯಿತು: ಯಾವ ಅಂಚು ಮೊದಲು ಕುಸಿಯುತ್ತಿದೆ, ಎಲ್ಲಿ ಕಡಿದಾಗಿದೆ, ಶೆಡ್ಡಿಗೆ ಇನ್ನೆಷ್ಟು ದೂರ. ತಾನು ಮತ್ತೆ ಲೆಕ್ಕ ಹಾಕುತ್ತಿದ್ದೇನೆಂದು ಗೊತ್ತಾದ ಕೂಡಲೇ ಅವಳು ಸುಲಿದ ಅಂಗೈಗಳಿಂದ ಮುಖ ಮುಚ್ಚಿಕೊಂಡಳು. ಮರಳು ಬೀಳುವ ಸದ್ದು ಕೇಳುತ್ತಲೇ ಇತ್ತು.