ಎಲ್ಲರೆದುರು ಓದುವ ಕಾಗದ

ನನ್ನ ಕೆಲಸ ಏನೆಂದು ಊರಲ್ಲಿ ಯಾರಾದರೂ ಕೇಳಿದರೆ ಕಂಪ್ಯೂಟರ್ ಕೆಲಸ ಎಂದು ಹೇಳಿ ಪಾರಾಗುತ್ತೇನೆ. ನಿಜ ಹೇಳಿದರೆ ನಂಬುವವರಿಲ್ಲ. ಅಮೆರಿಕದ ಸನ್ನಿವೇಲಿನ ಒಂದು ಆಫೀಸಿನಲ್ಲಿ ಕೂತು, ಹತ್ತೊಂಬತ್ತನೇ ಶತಮಾನದಲ್ಲಿ ಇಂಗ್ಲೆಂಡಿನ ಜಮೀನ್ದಾರಿ ಮನೆತನದವರು ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳನ್ನು ಓದುವುದು ನನ್ನ ಹೊಟ್ಟೆಪಾಡು. ಹಳೆಯ ಕೈಬರಹವನ್ನು ಮೊದಲು ಯಂತ್ರ ಓದುತ್ತದೆ, ಅದು ಎಡವಿದಲ್ಲಿ ನಾನು ತಿದ್ದುತ್ತೇನೆ. ಅದು ಎಡವುವುದೇ ಜಾಸ್ತಿ. ಆ ಕಾಲದಲ್ಲಿ ಅಂಚೆಯ ಖರ್ಚು ಹಾಳೆಯ ಲೆಕ್ಕದಲ್ಲಿ, ಅದೂ ಕಾಗದ ಪಡೆದವರ ತಲೆಗೆ. ಹಾಗಾಗಿ ಹಾಳೆ ತುಂಬಿದ ಮೇಲೆ ಅದನ್ನೇ ಅಡ್ಡಕ್ಕೆ ತಿರುಗಿಸಿ, ಬರೆದ ಸಾಲುಗಳ ಮೇಲೆಯೇ ಮತ್ತೆ ಬರೆಯುತ್ತಿದ್ದರು. ನೋಡಿದರೆ ಚಾಪೆ ಹೆಣೆದ ಹಾಗಿರುತ್ತದೆ. ಯಂತ್ರಕ್ಕೆ ತಲೆ ಕೆಡುತ್ತದೆ, ನನಗೆ ಸಂಬಳ ಬರುತ್ತದೆ.

ಆ ವರ್ಷ ನನ್ನ ಪಾಲಿಗೆ ಬಂದದ್ದು ಅಕ್ಕ ತಂಗಿ ಇಬ್ಬರ ಕಾಗದಗಳು. ಅಕ್ಕ ಮದುವೆಯಾಗಿ ದೂರದ ಊರಿಗೆ ಹೋಗಿದ್ದಳು. ತಂಗಿಗೆ ಮದುವೆಯಾಗಿರಲಿಲ್ಲ, ಅಣ್ಣ ಅತ್ತಿಗೆಯ ಮನೆಯಲ್ಲಿದ್ದಳು. ತಂಗಿಯ ಕಾಗದ ಓದಿ ಓದಿ ನನಗೆ ತಲೆ ಚಿಟ್ಟು ಹಿಡಿಯುತ್ತಿತ್ತು. ಕೋಳಿ ಮೊಟ್ಟೆ ಇಡುತ್ತಿಲ್ಲ, ಅತ್ತಿಗೆಗೆ ನೆಗಡಿ, ಪಕ್ಕದ ಬಂಗಲೆಯವರು ಹೊಸ ಸಾರೋಟು ತಂದರು, ಟೋಪಿಗೆ ನೀಲಿ ರಿಬ್ಬನ್ನೋ ಹಸಿರೋ. ಇಷ್ಟನ್ನು ಬರೆಯಲು ಹಾಳೆಯನ್ನು ಅಡ್ಡಕ್ಕೆ ಬೇರೆ ತಿರುಗಿಸಬೇಕಿತ್ತೇ ತಾಯಿ ಎಂದು ಪರದೆಯನ್ನೇ ಬೈಯುತ್ತಿದ್ದೆ. ಆಮೇಲೆ ಗೊತ್ತಾಯಿತು, ಕಾಗದ ಬಂದರೆ ತಿಂಡಿಯ ಮೇಜಿನ ಸುತ್ತ ಮನೆಮಂದಿಯನ್ನೆಲ್ಲ ಕೂರಿಸಿಕೊಂಡು ಗಟ್ಟಿಯಾಗಿ ಓದುವುದು ಅವರ ಪದ್ಧತಿ. ಅಕ್ಕನ ಹೆಸರಿಗೆ ಬರೆದರೂ ಕೇಳುವವರು ಭಾವ, ಭಾವನ ತಾಯಿ, ಬಂದ ನೆಂಟರು. ಕೋಳಿ ಬಿಟ್ಟು ಇನ್ನೇನು ಬರೆದಾಳು?

ನನಗೂ ಒಬ್ಬಳು ತಂಗಿ ಇದ್ದಾಳೆ, ಮೈಸೂರಿನಲ್ಲಿ. ಅವಳ ಗಂಡ ನನ್ನ ಗಂಡನ ಚಿಕ್ಕಪ್ಪನ ಮಗ. ಸಂಬಂಧ ಕೂಡಿಸಿದ್ದೂ ನನ್ನ ಗಂಡನೇ. ತಂಗಿ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತಿದ್ದಳು, ಆ ಕೆಲಸವೆಂದರೆ ಜೀವ ಅವಳಿಗೆ. ಯುಗಾದಿ ಕಳೆದ ಮೇಲೆ ಒಂದು ದಿನ ಅಮ್ಮ ಫೋನಿನಲ್ಲಿ, ‘ಅವ್ಳು ಸ್ಕೂಲು ಬಿಟ್ಬಿಟ್ಳಂತೆ ಕಣೇ, ಸಾಕಾಯ್ತಂತೆ’ ಎಂದರು. ಸಾಕಾಯಿತಂತೆ! ಜ್ವರದಲ್ಲೂ ಉತ್ತರಪತ್ರಿಕೆ ತಿದ್ದುತ್ತಿದ್ದವಳಿಗೆ ಸಾಕಾಯಿತೆಂದರೆ ನಾನು ನಂಬಬೇಕೇ? ಅವತ್ತಿನಿಂದ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ತಾನಾಗಿ ಬಿಟ್ಟಳೋ, ಯಾರಾದರೂ ಬಿಡಿಸಿದರೋ, ಅಷ್ಟು ಅವಳ ಬಾಯಿಂದ ಕೇಳಬೇಕಿತ್ತು.

ಕೇಳಿದೆ, ಒಂದಲ್ಲ ಹತ್ತು ಸಲ. ನಾವು ಊರಿಗೆ ಫೋನು ಮಾಡುವುದು ಕಾರಿನಲ್ಲೇ. ಆಫೀಸು ಮುಗಿಸಿ, ಮಗಳನ್ನು ಡೇಕೇರಿನಿಂದ ಹತ್ತಿಸಿಕೊಂಡು, ಫ್ರೀವೇ ಹಿಡಿದು ಫ್ರೀಮಾಂಟಿನ ಮನೆ ಸೇರುವಷ್ಟರಲ್ಲಿ ಎಲ್ಲರ ಕ್ಷೇಮಸಮಾಚಾರವೂ ಮುಗಿಯುತ್ತದೆ. ಇಲ್ಲಿ ಸಂಜೆ, ಅವಳಿಗೆ ಬೆಳಗು. ನನ್ನ ಗಂಡ ಕಾರು ಓಡಿಸುತ್ತಾರೆ, ತಂಗಿಯ ದನಿ ಕಾರಿನ ತುಂಬ ಕೇಳುತ್ತದೆ, ಹಿಂದಿನ ಸೀಟಿನಿಂದ ಮಗಳು ‘ಹಾಯ್ ಚಿಕ್ಕಮ್ಮ’ ಎಂದು ಕೂಗುತ್ತಾಳೆ.

‘ಯಾಕೇ ಕೆಲ್ಸ ಬಿಟ್ಟೆ?’

‘ಸುಮ್ನೆ ಅಕ್ಕ. ಈ ಸಲ ಸಾರಿನ ಪುಡಿ ಚೆನ್ನಾಗಿ ಬಂದಿದೆ, ಯಾರಾದ್ರೂ ಆ ಕಡೆ ಬರೋರಿದ್ರೆ ಕಳಿಸ್ತೀನಿ.’

ಮರುದಿನ ಕೇಳಿದರೆ ನಲ್ಲಿ ನೀರಿನ ಸಮಾಚಾರ. ಅದರ ಮರುದಿನ ಎದುರುಮನೆ ಗೃಹಪ್ರವೇಶ. ನನಗೆ ಮೈ ಉರಿಯುತ್ತಿತ್ತು. ಅವಳ ಅತ್ತೆ ಪಕ್ಕದಲ್ಲೇ ನಿಂತಿರಬೇಕು, ಗಂಡ ಕೇಳಿಸಿಕೊಳ್ಳುತ್ತಿರಬೇಕು ಎಂದು ಅವರಿಗೆಲ್ಲ ಮನಸ್ಸಿನಲ್ಲೇ ಮಂಗಳಾರತಿ ಮಾಡುತ್ತಿದ್ದೆ.

ಆಗಲೇ ಆಫೀಸಿನಲ್ಲಿ ಆ ಇಂಗ್ಲಿಷ್ ಅಕ್ಕ ಬರೆದ ಒಂದು ಕಾಗದ ಬಂತು. ಅಡ್ಡ ಸಾಲುಗಳ ನಡುವೆ ಅವಳು ತಂಗಿಗೆ ತಿಳಿಸಿದ್ದು ಇಷ್ಟು. ನಿನಗೆ ನನ್ನೊಬ್ಬಳಿಗೇ ಹೇಳುವುದಿದ್ದರೆ ಬೇರೆ ಚೀಟಿಯಲ್ಲಿ ಬರೆದು ಒಳಗೆ ಮಡಿಸಿಡು. ನಾನು ಕಾಗದ ಒಡೆಯುವುದು ತೋಟದ ಗೋಡೆಯ ಹಿಂದೆ, ಅಲ್ಲಿಗೆ ಯಾರೂ ಬರುವುದಿಲ್ಲ. ಚೀಟಿಯನ್ನು ಅಲ್ಲೇ ತೆಗೆದಿಟ್ಟುಕೊಂಡು ಉಳಿದದ್ದನ್ನು ಮಾತ್ರ ಒಳಗೆ ತಂದು ಓದುತ್ತೇನೆ.

ಎದ್ದು ಹೋಗಿ ಕಾಫಿ ತಂದೆ, ಕುಡಿಯಲಾಗಲಿಲ್ಲ. ಕೇಳುವವಳು ತಾನು ಎಲ್ಲಿ ನಿಂತು ಕೇಳುತ್ತೇನೆಂದು ಮೊದಲು ಹೇಳಬೇಕು. ನಾನು ಕೇಳುತ್ತಿದ್ದದ್ದು ಅವಳ ಗಂಡನ ಅಣ್ಣನ ಪಕ್ಕದಲ್ಲಿ ಕೂತು. ನನ್ನ ಗಂಡ ಕೆಟ್ಟವರಲ್ಲ, ಆದರೆ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ. ಕ್ರಿಕೆಟ್ಟು ಮಾತಾಡುತ್ತಾ ತಮ್ಮನಿಗೆ ಎಲ್ಲವನ್ನೂ ಒಪ್ಪಿಸಿಬಿಡುತ್ತಾರೆ.

ಮರುದಿನ ಬೆಳಿಗ್ಗೆ, ‘ರೀ, ಇವತ್ತು ಎರಡು ಕಾರು ತಗೊಂಡು ಹೋಗೋಣ. ಸಂಜೆ ಮಗೂನ ನೀವೇ ಪಿಕಪ್ ಮಾಡಿ’ ಎಂದೆ.

‘ಇಬ್ಬರಿದ್ರೆ ಸಿಗೋ ಕಾರ್‌ಪೂಲ್ ಲೇನ್ ಬಿಟ್ಟು ಒಬ್ಬೊಬ್ಬರೇ ಹೋಗೋದಾ? ಟ್ರಾಫಿಕ್ಕಲ್ಲಿ ಸಾಯ್ತೀಯ.’

‘ಸಾಯ್ತೀನಿ, ಬಿಡಿ.’

ಸಂಜೆ ಆಫೀಸಿನ ಪಾರ್ಕಿಂಗಿನಲ್ಲೇ, ಕಾರು ಶುರು ಮಾಡದೆ, ಫೋನನ್ನು ಕಿವಿಗೆ ಒತ್ತಿಕೊಂಡು ಕರೆ ಮಾಡಿದೆ. ತಂಗಿ ಟೆರೇಸಿನಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

‘ನಾನೊಬ್ಳೇ ಇದೀನಿ. ಕಾರಲ್ಲಿ ಯಾರೂ ಇಲ್ಲ’ ಎಂದೆ.

ಅವಳು ಬಕೆಟ್ಟು ಕೆಳಗಿಟ್ಟ ಸದ್ದು ಕೇಳಿತು. ಆಮೇಲೆ ದನಿ ಎತ್ತರಿಸಿ, ನಗುನಗುತ್ತಾ, ‘ನಮಸ್ಕಾರ ಭಾವ, ಚೆನ್ನಾಗಿದ್ದೀರಾ?’ ಎಂದಳು.

ನನಗೆ ಅಳು ಬಂತು, ಸಿಟ್ಟೂ ಬಂತು. ಫೋನು ಕುಕ್ಕಿ ಕಾರಿನಿಂದಿಳಿದು ಎರಡು ಸುತ್ತು ತಿರುಗಿದೆ. ಪಕ್ಕದ ಕಾರಿನವನು ಏನಾದರೂ ಸಹಾಯ ಬೇಕೇ ಎಂದು ಕೇಳಿದ. ಬೇಡ ಎಂದು ಮತ್ತೆ ಒಳಗೆ ಕೂತು, ಈ ಸಲ ವಿಡಿಯೋ ಕಾಲ್ ಮಾಡಿದೆ. ಅವಳ ಮುಖ ಬಂದ ಕೂಡಲೇ ಕ್ಯಾಮೆರಾ ತಿರುಗಿಸಿ ಸ್ಟೀರಿಂಗು ತೋರಿಸಿದೆ, ಪಕ್ಕದ ಸೀಟು ತೋರಿಸಿದೆ. ಅದರ ಮೇಲೆ ನನ್ನ ಬ್ಯಾಗು ಬಿಟ್ಟರೆ ಏನೂ ಇರಲಿಲ್ಲ.

‘ಹಿಂದಿನ ಸೀಟು?’ ಎಂದಳು ಮೆಲ್ಲಗೆ.

ಹಿಂದಿನ ಸೀಟನ್ನೂ ತೋರಿಸಿದೆ. ಮಗಳ ಸ್ವೆಟರು, ಬಿಸ್ಕತ್ತಿನ ಪುಡಿ.

ತಂಗಿ ಟೆರೇಸಿನ ಬಾಗಿಲು ಮುಂದೆ ಮಾಡಿ ನೀರಿನ ಟ್ಯಾಂಕಿನ ಮರೆಗೆ ಹೋದಳು. ಕೈಯಲ್ಲಿ ಒಂದು ಒದ್ದೆ ಟವೆಲ್ಲು ಹಾಗೇ ಇತ್ತು.

‘ಇವ್ರೇ ಸ್ಕೂಲಿಗೆ ಹೋಗಿ ಹೆಡ್‌ಮಿಸ್ ಹತ್ರ ಮಾತಾಡಿ ಬಂದಿದ್ರು ಅಕ್ಕ. ಇನ್ಮೇಲೆ ಬರಲ್ಲ ಅಂತ. ನಾನು ಮಾರನೇ ದಿನ ಸೀರೆ ಉಟ್ಕೊಂಡು ರೆಡಿಯಾಗಿ ಬಂದ್ಮೇಲೆ ಹೇಳಿದ್ರು.’

‘ಯಾಕೆ?’

‘ಮನೇಲಿ ಕೆಲ್ಸ ನಿಲ್ಲುತ್ತಂತೆ.’ ಟವೆಲ್ಲನ್ನು ಹಿಂಡತೊಡಗಿದಳು. ಅದರಲ್ಲಿ ಹಿಂಡಲು ನೀರೇ ಉಳಿದಿರಲಿಲ್ಲ. ‘ನನ್ನ ಊಟದ ಡಬ್ಬಿ ಇನ್ನೂ ಸ್ಟಾಫ್ ರೂಮಲ್ಲೇ ಇದೆ. ಅದನ್ನ ತರೋಕೂ ಬಿಟ್ಟಿಲ್ಲ.’