ಪಾಲಾಕ್ಷ ಮೇಷ್ಟ್ರ ದೋಣಿ

ಪಾಲಾಕ್ಷ ಮೇಷ್ಟ್ರು ವಿಲಾಯಿತಿಗೆ ಓದಲು ಹೋಗಿ, ಒಲಿಂಪಿಕ್ಸಿನಲ್ಲಿ ಹುಟ್ಟು ಹಾಕಿ ಬಂದವರು. ಹೊಳೆನರಸೀಪುರದ ಸ್ಕೂಲಿನಲ್ಲಿ ಇಂಗ್ಲಿಷು ಕಲಿಸುತ್ತ, ಸಂಜೆಯಾದರೆ ಹೇಮಾವತಿಯಲ್ಲಿ ಹುಡುಗರಿಗೆ ದೋಣಿ ನಡೆಸುವುದನ್ನು ಹೇಳಿಕೊಡುತ್ತಿದ್ದರು. ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರಬೇಕು. ಅವರೆದುರು ಕೂತು, ದಾರಿ ನೋಡಿ ಕೂಗುವ ಕೆಲಸ ಮೇಷ್ಟ್ರ ಹೆಂಡತಿ ನೀಲಾಂಬಿಕೆಯದು.

ಹರಿಗೋಲನ್ನಷ್ಟೇ ಕಂಡಿದ್ದ ಆಚೆ ದಡದ ದೊಡ್ಡತಾಯಮ್ಮನಿಗೆ ಇದೊಂದು ನಗೆಪಾಟಲು. "ಮುಂದಕ್ಕೋಗಾಕೆ ಹಿಂದಕ್ ಮಕ ಮಾಡ್ಕಂಡ್ ಕುಂತವ್ರೆ. ಒಲಿಂಪಿಕ್ಕಂತೆ, ಒಲಿಂಪಿಕ್ಕು!" ಎಂದು ಗಂಡನ ಮುಂದೆ ಆಡಿಕೊಳ್ಳುತ್ತಿದ್ದಳು.

ಎದುರುಬದುರು ಕೂತಾಗ ಎಡಬಲ ಅದಲುಬದಲಾಗುತ್ತದೆ, ಹೆಸರು ಹಿಡಿದೇ ಕೂಗಬೇಕು ಎಂಬುದು ಮೇಷ್ಟ್ರ ಕಟ್ಟಪ್ಪಣೆ. ನೀಲಾಂಬಿಕೆ ಹುಡುಗರನ್ನೆಲ್ಲ ಹೆಸರಿನಿಂದ ಕೂಗುವಳು, ಗಂಡನಿಗೆ ಮಾತ್ರ "ರೀ". ಗಂಡನ ಹೆಸರು ಹೇಳಿದರೆ ಅವನ ಆಯಸ್ಸಿಗೆ ಕೇಡಲ್ಲವೆ? ದೊಡ್ಡತಾಯಮ್ಮನೂ ಮದುವೆಯಾದಾಗಿನಿಂದ ಗಂಡನ ಹೆಸರೆತ್ತಿದವಳಲ್ಲ.

ನಲವತ್ತೊಂದನೇ ಇಸವಿಯ ಆಷಾಢದಲ್ಲಿ ಹೊಳೆ ದಡ ಮೀರಿತು. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ದೊಡ್ಡತಾಯಮ್ಮನ ಮಗಳು ಮುದ್ದಮ್ಮನಿಗೆ ನೋವು ಶುರುವಾಗಿ, ಕೂಸು ಅಡ್ಡಲಾಗಿತ್ತು. ಆಸ್ಪತ್ರೆ ಈಚೆ ದಡದಲ್ಲಿ. ಹರಿಗೋಲಿನವರು ಕೈಚೆಲ್ಲಿದರು. ಆಚೆ ದಡದಲ್ಲಿ ಸೆರಗು ಬೀಸುತ್ತ ಅಳುತ್ತಿದ್ದ ದೊಡ್ಡತಾಯಮ್ಮನನ್ನು ಕಂಡು ಮೇಷ್ಟ್ರು ಹೆಂಡತಿಯನ್ನೂ ಶಿಷ್ಯ ಚಂದ್ರಯ್ಯನನ್ನೂ ಕೂರಿಸಿಕೊಂಡು ದೋಣಿ ತಂದೇಬಿಟ್ಟರು. ತಾಯಿ ಮಗಳು ಹತ್ತಿದರು.

ನಡುಹೊಳೆಯಲ್ಲಿ ಬುಡಸಮೇತ ಕಿತ್ತ ಮರವೊಂದು ತೇಲಿಬಂತು. "ರೀ, ತಡೀರಿ!" ಎಂದು ನೀಲಾಂಬಿಕೆ ಮತ್ತೆ ಮತ್ತೆ ಕೂಗಿದಳು. ನೀರಿನ ಮೊರೆತದಲ್ಲಿ ಆ "ರೀ" ಎಲ್ಲಿ ಕೇಳಬೇಕು? ಕೊನೆಗೆ ಗಂಟಲು ಹರಿಯುವಂತೆ ಕಿರುಚಿದಳು:

"ಪಾಲಾಕ್ಷಾ, ತಡಿ! ಚಂದ್ರಯ್ಯಾ, ಎಳಿ!"

ಇಬ್ಬರೂ ತಿರುಗಿ ನೋಡಲಿಲ್ಲ. ಮೇಷ್ಟ್ರು ತಮ್ಮ ಬದಿಯ ಹುಟ್ಟನ್ನು ನೀರಲ್ಲೇ ಬಿಗಿಹಿಡಿದು ತಡೆದರು, ಚಂದ್ರಯ್ಯ ತನ್ನ ಬದಿಯದನ್ನು ಎಳೆದ. ದೋಣಿ ನಿಂತಲ್ಲೇ ಹೊರಳಿತು. ಮರದ ಕೊಂಬೆ ದೊಡ್ಡತಾಯಮ್ಮನ ಸೆರಗು ಸವರಿಕೊಂಡು ಹೋಯಿತು. ಕಣ್ಣಿಗೆ ಕಾಣದ್ದನ್ನು ಒಂದು ಕೂಗಿನ ಮೇಲೆ ನಂಬಿ ಹೀಗೆ ತೋಳಾಡಿಸುವವರನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಆಡಿಕೊಂಡಿದ್ದವಳು ಮಗಳನ್ನು ಅವುಚಿಕೊಂಡು ನೀಲಾಂಬಿಕೆಯ ಬಾಯನ್ನೇ ನೋಡುತ್ತ ಕೂತಳು.

ದಡ ಸೇರಿದ ಮೇಲೆ ನೀಲಾಂಬಿಕೆ ಮುಖ ಮುಚ್ಚಿಕೊಂಡು ಅತ್ತಳು. "ಒಲಿಂಪಿಕ್ಸಲ್ಲಿ ನಾವು ಕೊನೆಗೆ ಬಂದ್ವಿ. ಅಲ್ಲಿ ಇಂಥ ಗಂಟಲಿರಲಿಲ್ಲ ಕಣೆ," ಎಂದರು ಮೇಷ್ಟ್ರು.

ಮರುದಿನ ನೀರು ಒಂದಿಷ್ಟು ಇಳಿದಿತ್ತು. ದೊಡ್ಡತಾಯಮ್ಮ ಆಸ್ಪತ್ರೆಯಿಂದ ಹೊಳೆದಂಡೆಗೆ ಓಡಿಬಂದಳು. ದೋಣಿಯಲ್ಲಿ ಜಾಗವಿಲ್ಲದೆ ಉಳಿದಿದ್ದ ಗಂಡ ಆಚೆ ದಡದಲ್ಲಿ ಮೊಣಕಾಲಿಗೆ ತಲೆ ಕೊಟ್ಟು ಕೂತಿದ್ದ. "ಇಗಾ, ಇಲ್ನೋಡಿ!" ಎಂದಳು. ಅವನು ಕತ್ತೆತ್ತಲಿಲ್ಲ. ಆಗ ಎರಡೂ ಕೈಯನ್ನು ಬಾಯಿಗೆ ಹಿಡಿದು, ಉಸಿರೆಳೆದುಕೊಂಡು ಕೂಗಿದಳು:

"ಕೆಂಪಣ್ಣಾ! ಓ ಕೆಂಪಣ್ಣಾ! ಮಗ್ಳೂ ಮಗೂ ಬದ್ಕವ್ರೆ!"